ಗೃಹೋದ್ಯೋಗ ವಿಚಾರ: ಸರಕಿನ ನಾಮಕರಣ



ಧಾರವಾಡ ಸೀಮೆಯ ಸೋದರಿಯೊಬ್ಬರು ನಮಗೊಂದು ಪತ್ರವನ್ನು ಬರೆದಿರುವರು. ಪತಿವಿಯೋಗವಾದ ಮೇಲೆ ಅವರು ಅತ್ತೆಯವರಿಂದ ಕಲಿತ ಶೇಂಗಾ, ಗುರೆಳ್ಳು, ಅಗಸಿಗಳ ಹಿಂಡಿಯನ್ನು ಕುಟ್ಟಿ ಮಾರಿ ಇಬ್ಬರು ಮಕ್ಕಳನ್ನು ಓದಿಸುತ್ತಿರುವರು. ಈಗ ಕೈಯಲ್ಲಿ 25,000 ರೂಪಾಯಿ ಕೂಡಿದೆ. ಅಷ್ಟನ್ನೂ ಕೊಟ್ಟರೆ ಬಣ್ಣಬಣ್ಣದ ಚೀಲಗಳನ್ನು ಅಚ್ಚುಹಾಕಿ ಕೊಡುವೆನೆಂದು ಮುದ್ರಕರೊಬ್ಬರು ಮುಂದೆ ಬಂದಿದ್ದಾರೆ. ಹೆಸರುವಾಸಿಯಾದ ಒಂದು ಸರಕಿನ ಹೆಸರಿನಲ್ಲಿ ಒಂದೇ ಅಕ್ಷರವನ್ನು ಬದಲಿಸಿ ಇಟ್ಟುಕೊಳ್ಳಿರೆಂದು ಸಲಹೆಯನ್ನೂ ಇತ್ತಿದ್ದಾರೆ. ಸೋದರಿಯ ಮನಸ್ಸಾದರೋ ಅತ್ತೆಯವರ ಹೆಸರನ್ನಿಡಬೇಕೆಂದಿದೆ. ಅದಕ್ಕೆ ಮೈದುನರು, "ಮನೆಯ ಹಿರಿಯರ ಹೆಸರನ್ನು ಕಿರಾಣಿ ಅಂಗಡಿಯಲ್ಲಿ ತೂಗಹಾಕುವಿರಾ, ವೈನಿ?" ಎಂದು ಮುನಿದಿರುವರಂತೆ. ಈ ಪ್ರಶ್ನೆ ಅವರೊಬ್ಬರದಲ್ಲ. ಮನೆಯಲ್ಲಿ ಏನನ್ನಾದರೂ ಮಾಡಿ ಮಾರುವ ಅನೇಕರದು. ಆದಕಾರಣ ಈ ತಿಂಗಳು ಇದನ್ನೇ ವಿಚಾರಿಸೋಣ.

ಸರಕಿಗೆ ಹೆಸರಿಡುವುದು ಕೂಸಿಗೆ ಹೆಸರಿಟ್ಟಂತೆ. ಕೂಸು ಹುಟ್ಟಿದ ಮೇಲೆ ತೊಟ್ಟಿಲ ಶಾಸ್ತ್ರವೇ ಹೊರತು ಅದಕ್ಕೆ ಮುಂಚೆಯಲ್ಲ. ಮುಂಬಯಿಯ ಗಿರಗಾಂವಿನಲ್ಲಿ 1959ರಲ್ಲಿ ಏಳು ಜನ ಸ್ತ್ರೀಯರು 80 ರೂಪಾಯಿ ಸಾಲ ತಂದು ಹಪ್ಪಳ ಮಾಡಲು ತೊಡಗಿದರು. ಮೊದಮೊದಲು ಅವರು ಎರಡು ದರ್ಜೆಯ ಹಪ್ಪಳ ಮಾಡುತ್ತಿದ್ದರು. ಕೆಳದರ್ಜೆಯದನ್ನು ಕಡಿಮೆ ಬೆಲೆಗೆ ಮಾರುತ್ತಿದ್ದರು. ಅವರ ಮಾರ್ಗದರ್ಶಕರಾದ ಛಗನಲಾಲ ಪಾರೇಖರು ಒಂದೇ ದರ್ಜೆಯನ್ನು ಮಾಡಬೇಕು, ಗುಣದಲ್ಲಿ ಎಂದಿಗೂ ರಾಜಿಯಾಗಬಾರದು ಎಂದು ಬೋಧಿಸಿದರು. 'ಲಿಜ್ಜತ್' ಎಂಬ ಹೆಸರು ಬಂದುದು 1962ರಲ್ಲಿ. ಮೂರು ವರ್ಷ ಹಪ್ಪಳ ನಡೆಯಿತು, ಅನಂತರ ಹೆಸರು ಬಂದಿತು. ಈ ಕ್ರಮವು ಮನನೀಯವಾದುದು.

ಹೀಗಿರಲು ಸೋದರಿಯವರು ಮೊತ್ತಮೊದಲು ಮಾಡತಕ್ಕದ್ದು ಅಳತೆಯ ಗಟ್ಟಿಮುಟ್ಟು. ಒಂದು ಸೇರು ಶೇಂಗಾಕ್ಕೆ ಎಷ್ಟು ಖಾರ, ಎಷ್ಟು ಉಪ್ಪು, ಎಷ್ಟು ಬೆಳ್ಳುಳ್ಳಿ ಎಂಬುದನ್ನು ಕೈಯಂದಾಜಿಗೆ ಬಿಡದೆ ತಕ್ಕಡಿಯಲ್ಲಿ ತೂಗಿ ವಹಿಯಲ್ಲಿ ಬರೆದಿಡಬೇಕು. ದೀಪಾವಳಿಯಲ್ಲಿ ಕೊಂಡ ರುಚಿಯೇ ಯುಗಾದಿಯಲ್ಲಿಯೂ ಸಿಕ್ಕರೆ ಗಿರಾಕಿಯು ಹೆಸರನ್ನು ನೆನೆಯುವನು; ಸಿಗದಿದ್ದರೆ ಹೆಸರು ನೆನಪಿದ್ದಷ್ಟೂ ಹಾನಿಯೇ.

ಎರಡನೆಯದು ಹೆಸರಿನ ಆಯ್ಕೆ. ಪರರ ಹೆಸರಿಗೆ ಒಂದಕ್ಷರ ತಿದ್ದಿ ತನ್ನದೆನ್ನುವುದು ನೀತಿಗೂ ಕಾನೂನಿಗೂ ವಿರುದ್ಧ. 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯ ಪ್ರಕಾರ, ಗಿರಾಕಿಗಳಿಗೆ ಭ್ರಾಂತಿಯನ್ನುಂಟುಮಾಡುವಷ್ಟು ಹೋಲುವ ಹೆಸರಿಗೆ ನೋಂದಣಿಯು ದೊರೆಯದಷ್ಟೇ ಅಲ್ಲ, ಮೂಲದವರು ದಾವೆ ಹೂಡಲೂಬಹುದು. ಆಗ ಅಚ್ಚಾದ ಚೀಲಗಳೆಲ್ಲ ಒಲೆಯ ಪಾಲು. ಹಾಗೆಯೇ 'ರುಚಿಯಾದ ಹಿಂಡಿ' ಎಂಬಂತೆ ಸರಕಿನ ಗುಣವನ್ನಷ್ಟೇ ಹೇಳುವ ಹೆಸರೂ ಬೇಡ. ಎಲ್ಲರೂ ಆಡುವ ಮಾತು ಒಬ್ಬರ ಸ್ವತ್ತಾಗುವುದು ಕಷ್ಟ. ಮೂರು ಹೆಸರುಗಳನ್ನು ಆರಿಸಿ ಹತ್ತು ಮನೆಗಳಲ್ಲಿ ಹೇಳಿರಿ. ಎರಡು ದಿನ ಬಿಟ್ಟು ಹೋಗಿ, "ಯಾವುದು ನೆನಪಿದೆ?" ಎಂದು ಕೇಳಿರಿ. "ಯಾವುದು ಚೆನ್ನಾಗಿದೆ?" ಎಂದು ಕೇಳಿದರೆ ದಾಕ್ಷಿಣ್ಯದ ಉತ್ತರ ಬರುವುದು, ನೆನಪಿಗೆ ದಾಕ್ಷಿಣ್ಯವಿಲ್ಲ. ಬಳಿಕ ಟ್ರೇಡ್ ಮಾರ್ಕ್ ನೋಂದಣಿ ಇಲಾಖೆಯ ಜಾಲತಾಣದಲ್ಲಿ ಅಂಥ ಹೆಸರು ಇದೆಯೇ ಎಂದು ಹುಡುಕಿಸಿರಿ, ಅದಕ್ಕೆ ವೆಚ್ಚವಿಲ್ಲ.

ಮೂರನೆಯದು ಗುರುತು. ಮೈಸೂರು ಸಂಸ್ಥಾನದ ಗಂಧದ ಸಾಬೂನಿಗೆ ಆನೆಯ ತಲೆ, ಸಿಂಹದ ಮೈಯುಳ್ಳ ಶರಭದ ಗುರುತನ್ನಿಟ್ಟರು. ಒಂದು ಶತಮಾನ ಸಂದರೂ ಅದು ಉಳಿದು ಬಂದಿದೆ. ಓದುಬಾರದವನೂ ಕಂಡು ಕೈನೀಡುವಂತಿರುವುದೇ ಗುರುತಿನ ಗುಣ. ನಿಮಗೆ ಶರಭ ಬೇಕಾಗಿಲ್ಲ. ಒಂದು ಒರಳು, ಒಂದು ಒನಕೆ ಸಾಕು. ಎರಡು ಬಣ್ಣಗಳಿಗಿಂತ ಹೆಚ್ಚು ಬೇಡ. ಆದರೆ ಒಮ್ಮೆ ಆರಿಸಿದ ಬಣ್ಣವನ್ನು ಹಬ್ಬಕ್ಕೊಂದರಂತೆ ಬದಲಿಸಬಾರದು.

ನಾಲ್ಕನೆಯದು ಪರೀಕ್ಷೆ. ಚೀಲಗಳನ್ನು ಅಚ್ಚುಹಾಕಿಸದೆ ಸಾದಾ ಚೀಲಕ್ಕೆ ಅಂಟಿಸುವ ಲೇಬಲ್ಲುಗಳನ್ನು ನೂರರಷ್ಟು ಮಾತ್ರ ಮಾಡಿಸಿರಿ. ಶೇಂಗಾದ ಎಣ್ಣೆ ಜಿನುಗಿ ಅಕ್ಷರ ಅಳಿಸುವುದೋ, ನಾಲ್ಕು ಮಾರು ದೂರದಿಂದ ಹೆಸರು ಕಾಣುವುದೋ ನೋಡಿರಿ. ಲೇಬಲ್ಲಿನಲ್ಲಿ ತಯಾರಕರ ಹೆಸರು ಮತ್ತು ವಿಳಾಸ, ನಿವ್ವಳ ತೂಕ, ಗರಿಷ್ಠ ಬೆಲೆ, ತಯಾರಿಸಿದ ಕಾಲ, ಗಿರಾಕಿಯು ದೂರು ಹೇಳಬಹುದಾದ ಸಂಪರ್ಕ, ಸಸ್ಯಾಹಾರದ ಹಸಿರು ಚುಕ್ಕೆ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆ ಇವುಗಳಿಗೆ ಸ್ಥಳವನ್ನು ಮೊದಲೇ ಬಿಡಬೇಕು. ಚಿತ್ರವನ್ನು ತುಂಬಿಸಿ ಇವನ್ನು ಮೂಲೆಗೆ ತಳ್ಳಬಾರದು.

ಐದನೆಯದು ನೋಂದಣಿ. ಸರಕುಗಳನ್ನೂ ಸೇವೆಗಳನ್ನೂ 45 ವರ್ಗಗಳಾಗಿ ವಿಂಗಡಿಸಿರುವರು. ಮಸಾಲೆ ಪದಾರ್ಥಗಳು 30ನೆಯದರಲ್ಲಿ ಬರುವುವು. 2017ರ ನಿಯಮಗಳಂತೆ, ವ್ಯಕ್ತಿಯೊಬ್ಬರು ಜಾಲತಾಣದ ಮೂಲಕ ಅರ್ಜಿ ಹಾಕಿದರೆ ವರ್ಗವೊಂದಕ್ಕೆ 4,500 ರೂಪಾಯಿ ಶುಲ್ಕ. ನೋಂದಣಿಯು ಹತ್ತು ವರ್ಷದ್ದು. ಮತ್ತೆ ಮತ್ತೆ ನವೀಕರಿಸಬಹುದು. ನೋಂದಣಿಯಾಗುವುದಕ್ಕೆ ಮುಂಚೆ ವರ್ತುಲದೊಳಗಿನ 'ಆರ್' ಅಕ್ಷರವನ್ನು ಹಾಕುವುದು ಕಾನೂನಿಗೆ ವಿರುದ್ಧ. 'ಟಿಎಂ' ಎಂದು ಹಾಕಬಹುದು.

ಇನ್ನು ಮನೆಯ ವ್ಯಾಜ್ಯ. ಮೈದುನರ ಮಾತಿನಲ್ಲಿರುವುದು ಅಭಿಮಾನ; ಅದನ್ನು ಹಗುರವಾಗಿ ಕಾಣಬಾರದು. ಆದರೆ ಪೊಟ್ಟಣದ ಮೇಲೆ ತಯಾರಕರ ಹೆಸರು ವಿಳಾಸಗಳನ್ನು ಕಾನೂನೇ ಬೇಡುತ್ತಿರುವಾಗ ಮನೆತನವನ್ನು ಮರೆಮಾಡಲು ಬರುವಂತಿಲ್ಲ. ಹಿಂಡಿ ಕೆಟ್ಟರೆ ಮನೆಯ ಹೆಸರೇ ಕೆಡುವುದು. ಚೆನ್ನಾದರೆ ಮಾತ್ರ ಹೆಸರು ಬೇಡವೆನ್ನುವುದು ಯಾವ ನ್ಯಾಯ? ಇದಲ್ಲದೆ, ಬದುಕಿರುವವರ ಸಂಬಂಧವನ್ನು ಸೂಚಿಸುವ ಮುದ್ರೆಗೆ ನೋಂದಣಾಧಿಕಾರಿಯು ಅವರ ಲಿಖಿತ ಸಮ್ಮತಿಯನ್ನು ಕೇಳಬಹುದು. ಹಾಗಾದರೆ ಅಪ್ಪಣೆ ಕೊಡತಕ್ಕವರು ಮೈದುನರೂ ಅಲ್ಲ, ನಾವೂ ಅಲ್ಲ. ಒರಳಿನ ಮುಂದೆ ಕುಳಿತು ಆ ಅಳತೆಯನ್ನು ಕಲಿಸಿಕೊಟ್ಟ ಅತ್ತೆಯವರು. ಪತ್ರವನ್ನು ಎರಡು ಸಲ ಓದಿದೆವು. ಅವರನ್ನು ಯಾರಾದರೂ ಕೇಳಿದರೆಂಬ ಮಾತು ಅದರಲ್ಲಿಲ್ಲ.

ಸೋದರಿಯೇ, ಮೊದಲು ಅವರನ್ನು ಕೇಳಿರಿ. ಒಲ್ಲೆನೆಂದರೆ ಬೇರೆ ಹೆಸರು ಹುಡುಕೋಣ. ಹೂಂ ಎಂದರೆ ಮೈದುನರನ್ನು ಕೂಡಿಸಿಕೊಂಡು ಲೇಬಲ್ಲನ್ನು ಬರೆಯಿಸಿರಿ. ಲೇಬಲ್ಲಿಗೂ ನೋಂದಣಿಗೂ ತಗಲುವಷ್ಟನ್ನು ಮಾತ್ರ ತೆಗೆದು, ಮಿಕ್ಕ ಹಣವನ್ನು ಒಳ್ಳೆಯ ಶೇಂಗಾಕ್ಕೂ ಮಕ್ಕಳ ಶಾಲೆಯ ವೆಚ್ಚಕ್ಕೂ ಇಟ್ಟುಕೊಳ್ಳಿರಿ. ಬಣ್ಣದ ಚೀಲವು ಬರುವ ವರ್ಷವೂ ಸಿಕ್ಕೀತು.