ಪೆಟ್ಟಿಗೆ ತಂಬೂರಿಯೋ, ಮಿರಜದ ತಂಬೂರಿಯೋ?

ಮಕ್ಕಳು ಶಾಲೆಗೆ, ಯಜಮಾನರು ಕೆಲಸಕ್ಕೆ ಹೋದ ಮೇಲೆ ಸಿಗೋ ಒಂದು ತಾಸಿನಲ್ಲಿ ಹಾಡು ಕಲಿಯಬೇಕೆಂಬ ಆಸೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗದ ಎಷ್ಟೋ ಗೃಹಿಣಿಯರಿಗಿದೆ. ಶ್ರುತಿಗೆ ಏನು ಕೊಳ್ಳೋದು ಎಂಬಲ್ಲಿ ಮಾತ್ರ ಗೊಂದಲ.

ಮೊದಲ ವರ್ಷ ಪೆಟ್ಟಿಗೆಯೇ ಸಾಕು ಅಂತೀನಿ. ಬೆಂಗಳೂರಿನ ಜಿ. ರಾಜ್ ನಾರಾಯಣ್ 1979ರಲ್ಲಿ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿಗೆ ಗುಂಡಿ ಒತ್ತಿದರಾಯಿತು. ಒಲೆ ಮುಂದೆ ನಿಂತೂ ಸಾ ಹಚ್ಚಬಹುದು.

ಆದರೆ ವರ್ಷವಾದರೂ ಹಾಡು ಬಿಡದಿದ್ದರೆ? ಆಗ ಅಥಣಿಯವರೂ ಕಾಗವಾಡ ದಾಟಿ ಮಿರಜಕ್ಕೆ ಹೋಗಿಬನ್ನಿ. ಅಲ್ಲಿನ ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ಪೆಟ್ಟಿಗೆ ಶ್ರುತಿಯನ್ನು ಸಿದ್ಧ ಮಾಡಿಯೇ ಕೊಡುತ್ತದೆ. ಇಲ್ಲಿ ನಾಲ್ಕು ತಂತಿಯನ್ನು ನೀವೇ ಕೂಡಿಸಬೇಕು, ಜವಾರಿಯ ದಾರ ಕೂದಲೆಳೆಯಷ್ಟು ಸರಿಸಬೇಕು. ಮೊದಮೊದಲು ಅಳುವೇ ಬರುತ್ತದೆ, ನಿಜ. ಕಿವಿ ತಯಾರಾಗೋದು ಅಲ್ಲೇ.

“ಮೊಬೈಲ್‌ನಾಗ ಪುಕ್ಕಟೆ ಬರ್ತದಲ್ಲ?” ಅಂತ ಮನೆಯವರು ಕೇಳೇ ಕೇಳ್ತಾರೆ. ಅವರ ಗಾಡಿ ಬದಲಿಸುವಾಗ ನಾವು ಹಾಗೆ ಕೇಳಿದ್ದೆವಾ?

ಕೊಳ್ಳುವಾಗ ಗುರುಗಳನ್ನು ಕರೆದೊಯ್ಯಿರಿ, ನಿಮ್ಮ ಶ್ರುತಿ ಹೇಳಿ. ಹೆಂಗಸರ ಧ್ವನಿಗೆ ಸಣ್ಣ ಅಳತೆಯದೇ ಬೇರೆ ಇರುತ್ತದೆ. ಸೋರೆ ಬುರುಡೆ ಏಟು ತಾಳದು. ಚೆಂಡಾಡೋ ಮಕ್ಕಳಿದ್ದರೆ ಪಡಸಾಲೆಯಲ್ಲಂತೂ ಇಡಬೇಡಿ.