ಒಡಹುಟ್ಟಿದವರ ಹೆಸರುಗಳು: ಬಿಡಿಯೋ, ಇಡಿಯೋ?

ಶಾಸನಗಳಲ್ಲಿ ಬರುವ ಹೆಸರುಗಳಿಂದ ಕುಲ, ಮತ, ವೃತ್ತಿಗಳನ್ನು ಗುರುತಿಸುವ ಕ್ರಮ ಕನ್ನಡ ಸಂಶೋಧನೆಗೆ ಹೊಸದೇನಲ್ಲ. ಎಂ.ಎಂ. ಕಲಬುರ್ಗಿಯವರ ‘ಕನ್ನಡ ನಾಮವಿಜ್ಞಾನ’ದಂತಹ ಕೃತಿಗಳಿಂದ ಈ ಅಧ್ಯಯನಕ್ಕೆ ಶಾಸ್ತ್ರೀಯ ತಳಹದಿಯೂ ದೊರೆತಿದೆ. ಆದರೆ ಹೆಸರನ್ನು ಪ್ರಕೃತಿ, ಪ್ರತ್ಯಯ, ಅರ್ಥ ಎಂದು ಬಿಡಿಸಿ ನೋಡುವಾಗ ನಾವು ಸಾಮಾನ್ಯವಾಗಿ ಒಬ್ಬ ವ್ಯಕ್ತಿಯ ಒಂದು ಹೆಸರನ್ನೇ ಘಟಕವೆಂದು ಭಾವಿಸುತ್ತೇವೆ. ಒಂದು ಮನೆಯಲ್ಲಿ ಹುಟ್ಟಿದ ಮಕ್ಕಳ ಹೆಸರುಗಳನ್ನು ಒಟ್ಟಾಗಿ ಇಟ್ಟು ಓದಿದಾಗ ಮಾತ್ರ ಹೊರಡುವ ಅರ್ಥವೊಂದಿದೆ ಎಂಬುದನ್ನು ಇಲ್ಲಿ ಪ್ರಸ್ತಾಪಿಸಬಯಸುತ್ತೇನೆ.

ಮಕ್ಕಳಿಗೆ ಒಂದಕ್ಕೊಂದು ಹೊಂದುವ ಹೆಸರಿಡುವುದು ಈಚಿನ ನಗರದ ಖಯಾಲಿ ಎಂಬ ಆಕ್ಷೇಪ ಆಗಾಗ ಕೇಳಿಬರುತ್ತದೆ. ಇದು ಪೂರ್ಣ ನಿಜವಲ್ಲ. ಕ್ರಿ.ಶ. 993ರಲ್ಲಿ ‘ಅಜಿತಪುರಾಣ’ವನ್ನು ರಚಿಸಿದ ರನ್ನ ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟಿದ್ದನು. ಒಂದು ಹೆಸರು ಚಾವುಂಡರಾಯನದು, ಇನ್ನೊಂದು ದಾನಚಿಂತಾಮಣಿಯದು. ಈ ಎರಡು ಹೆಸರುಗಳ ನಡುವೆ ಪ್ರಾಸವಿಲ್ಲ, ಒಂದೇ ಅಕ್ಷರದ ಆರಂಭವೂ ಇಲ್ಲ. ಆದರೂ ಅವನ್ನು ಬೆಸೆದ ಸೂತ್ರ ಸ್ಪಷ್ಟವಾಗಿದೆ. ಅದು ಕವಿಯ ಕೃತಜ್ಞತೆ. ರಾಯ ಎಂಬ ಹೆಸರೊಂದೇ ಉಳಿದಿದ್ದರೆ ಅದು ಯಾವ ರಾಯನಾದರೂ ಆಗಬಹುದಿತ್ತು. ಪಕ್ಕದಲ್ಲಿ ತಂಗಿಯೋ ಅಕ್ಕನೋ ಆದ ಅತ್ತಿಮಬ್ಬೆಯ ಹೆಸರು ಇರುವುದರಿಂದಲೇ ಅದರ ಗುರಿ ಖಚಿತವಾಗುತ್ತದೆ.

ಜನಸಾಮಾನ್ಯರಲ್ಲಿ ಈ ಸೂತ್ರ ಮನೆದೇವರ ರೂಪದಲ್ಲಿ ಕಾಣುತ್ತದೆ. ದೊಡ್ಡರಂಗಪ್ಪ, ಚಿಕ್ಕರಂಗಪ್ಪ, ಸಣ್ಣರಂಗಪ್ಪ ಎಂಬ ಅಣ್ಣತಮ್ಮಂದಿರು ಹಳೆಯ ಮೈಸೂರು ಸೀಮೆಯ ಹಳ್ಳಿಗಳಿಗೆ ಅಪರಿಚಿತರಲ್ಲ. ದೇವರು ಒಬ್ಬನೇ ಆದ್ದರಿಂದ ಹೆಸರೂ ಒಂದೇ. ಹುಟ್ಟಿದ ಕ್ರಮವಷ್ಟೇ ಬೇರೆ. ಹೆಸರಿನಲ್ಲಿ ಇಲ್ಲದ ನಂಟನ್ನು ಜನರ ನಾಲಿಗೆ ಕಟ್ಟಿಕೊಳ್ಳುವುದೂ ಉಂಟು. ಶಾಸನಗಳ ಹರಿಹರನು ಬುಕ್ಕನ ಜೊತೆ ಸೇರಿದಾಗ ಜನರ ಬಾಯಲ್ಲಿ ‘ಹಕ್ಕ’ನಾಗಿ, ‘ಹಕ್ಕ-ಬುಕ್ಕ’ ಎಂಬ ಜೋಡಿ ನಿಂತಿತು. ಸಂಗಮನ ಉಳಿದ ಮಕ್ಕಳಾದ ಕಂಪ, ಮಾರಪ್ಪ, ಮುದ್ದಪ್ಪರು ಆ ಪ್ರಾಸದ ಹೊರಗೆ ಉಳಿದರು. ಜನರ ನೆನಪಿನಿಂದಲೂ ಬಹುಮಟ್ಟಿಗೆ ಹೊರಗುಳಿದರು.

ಹಾಗಾದರೆ ಇಂದಿನ ಪದ್ಧತಿಯಲ್ಲಿ ಹೊಸದೇನು? ಹಿಂದೆ ಹಿರಿಯ ಮಗನಿಗೆ ಅಜ್ಜನ ಹೆಸರು, ಮಗಳಿಗೆ ಅಜ್ಜಿಯ ಹೆಸರು, ಮತ್ತೊಬ್ಬನಿಗೆ ಹರಕೆ ಹೊತ್ತ ದೇವರ ಹೆಸರು ಸಲ್ಲುತ್ತಿತ್ತು. ಪ್ರತಿಯೊಂದು ಹೆಸರೂ ಒಂದೊಂದು ಋಣವನ್ನು ತೀರಿಸುತ್ತಿತ್ತು. ಹೆಸರಿನ ಮುಖ ಹಿರಿಯರ ಕಡೆಗಿತ್ತು. ರಮೇಶ, ಸುರೇಶ, ಮಹೇಶ ಎಂಬ ಸಾಲಿನಲ್ಲಿ ಋಣಕ್ಕಿಂತ ನಾದ ಮುಖ್ಯವಾಯಿತು. ತಂದೆ ತಾಯಿಯರ ಹೆಸರಿನ ಅಕ್ಷರಗಳನ್ನು ಕೂಡಿಸಿ ಎರಡು ಮಕ್ಕಳಿಗೂ ಮೊದಲೇ ಹೆಸರು ಗೊತ್ತುಮಾಡುವ ಈಗಿನ ಕ್ರಮದಲ್ಲಿ ಹೆಸರು ಪಕ್ಕದ ಹೆಸರಿನ ಕಡೆಗೆ ಮುಖ ಮಾಡಿದೆ. ಜನ್ಮನಕ್ಷತ್ರದ ಪಾದಕ್ಕೆ ಬಂದ ಅಕ್ಷರ ಹೊಂದದಿದ್ದರೆ ಅದು ಜಾತಕದಲ್ಲಿ ಉಳಿದು, ಹೊಂದುವ ಹೆಸರು ಶಾಲೆಯ ದಾಖಲಾತಿಗೆ ಹೋಗುತ್ತದೆ. ಇದನ್ನು ಅವನತಿಯೆಂದು ನಾನು ಹೇಳಲಾರೆ. ಕುಲವನ್ನು ಸಾರುವ ಹೆಸರಿನ ಭಾರವನ್ನು ಇಳಿಸಲು ಅನೇಕರಿಗೆ ಇದು ದಾರಿಯಾಗಿದೆ. ಆದರೆ ಕುಟುಂಬದ ಕಲ್ಪನೆಯೇ ಬದಲಾದುದರ ಗುರುತು ಇದು ಎಂಬುದನ್ನು ನಾವು ಗಮನಿಸಬೇಕು.

ಸಾಲು ಮುರಿಯುವ ಕಡೆ ಅರ್ಥ ಇನ್ನೂ ಆಳವಾಗುತ್ತದೆ. ನಮ್ಮ ತಂದೆಗೆ ಮೂವರು ಅಕ್ಕಂದಿರು. ಮೊದಲ ಇಬ್ಬರಿಗೆ ನದಿಗಳ ಹೆಸರು, ಮೂರನೆಯವರು ಸಾಕಮ್ಮ. ಎಂ.ಎ. ತರಗತಿಯಲ್ಲಿ ವ್ಯಕ್ತಿನಾಮಗಳ ಪಾಠ ಕೇಳುವವರೆಗೆ ಈ ವ್ಯತ್ಯಾಸ ನನಗೆ ತೋಚಿರಲಿಲ್ಲ. ಕನ್ನಡದ ‘ಸಾಕು’ ಶಬ್ದಕ್ಕೆ ಎರಡು ಅರ್ಥಗಳಿವೆ: ಇನ್ನು ಬೇಡ ಎಂಬುದು ಒಂದು, ಸಲಹು ಎಂಬುದು ಇನ್ನೊಂದು. ನಿಘಂಟು ಎರಡನ್ನೂ ಕೊಡುತ್ತದೆ, ಆದರೆ ಯಾವುದೆಂದು ನಿರ್ಣಯಿಸದು. ಎರಡು ಹೆಣ್ಣುಗಳ ಬೆನ್ನಿಗೆ ಬಂದ ಮೂರನೆಯ ಹೆಣ್ಣು ಎಂಬ ಸ್ಥಾನವೇ ಅದನ್ನು ನಿರ್ಣಯಿಸುತ್ತದೆ. ನದಿಗಳ ಸಾಲು ಎಲ್ಲಿ ನಿಂತಿತೋ ಅಲ್ಲಿ ಹೆತ್ತವರ ನಿರಾಸೆ ದಾಖಲಾಗಿದೆ. ಅದೇ ಹೆಸರು ಬೇರೊಂದು ಮನೆಯಲ್ಲಿ, ಹುಟ್ಟಿದ ಕೂಸುಗಳು ಉಳಿಯದೆ ಕಡೆಗೆ ಉಳಿದ ಒಬ್ಬಳೇ ಮಗಳದಾಗಿದ್ದರೆ ಅದನ್ನು ಹರಕೆಯೆಂದು ಓದಬೇಕಾಗುತ್ತದೆ. ತಿಪ್ಪೇಸ್ವಾಮಿ ಎಂಬ ಹೆಸರೂ ಹೀಗೆಯೇ. ಚಿತ್ರದುರ್ಗದ ಕಡೆ ಅದು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಭಕ್ತಿಯಿಂದ ಬಂದಿರಬಹುದು; ಬೇರೆಡೆ ‘ತಿಪ್ಪ’ ಎಂಬುದು ಮಗುವನ್ನು ತಿಪ್ಪೆಯ ಮೇಲಿಟ್ಟು ಸಾವಿನ ಕಣ್ಣಿನಿಂದ ಮರೆಸಿದ ಹೆಸರಾಗಿರಬಹುದು. ಅಣ್ಣತಮ್ಮಂದಿರ ಹೆಸರು ತಿಳಿಯದೆ, ತೀರಿಹೋದ ಕೂಸುಗಳ ಲೆಕ್ಕ ತಿಳಿಯದೆ ಇದನ್ನು ಬಿಡಿಸಲಾಗದು.

2011ರಲ್ಲಿ ನೆರೆಯ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ‘ನಕೋಶಿ’, ಅಂದರೆ ಬೇಡವಾದವಳು ಎಂಬ ಹೆಸರು ಹೊತ್ತಿದ್ದ ಇನ್ನೂರಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ ಜಿಲ್ಲಾಡಳಿತವು ಹೊಸ ಹೆಸರನ್ನು ನೀಡಿತು. ಅದು ಆಗಬೇಕಾಗಿದ್ದ ಕೆಲಸ. ನಮ್ಮಲ್ಲಿ ಇಂತಹ ಹೆಸರುಗಳು ಸಮಾರಂಭವಿಲ್ಲದೆ ತಾವಾಗಿಯೇ ಕಣ್ಮರೆಯಾಗುತ್ತಿವೆ. ಹೆಸರು ಹೋಗಲಿ, ಆದರೆ ಅದು ಹೇಳುತ್ತಿದ್ದ ಸಾಕ್ಷ್ಯವೂ ಅದರೊಂದಿಗೆ ಹೋಗಬಾರದು. ನಮ್ಮ ಅತ್ತೆ ತಮ್ಮ ಹೆಸರನ್ನು ಕುರಿತು ಎಂದೂ ದೂರಿದವರಲ್ಲ. ತಮ್ಮ ಮೂವರು ಹೆಣ್ಣುಮಕ್ಕಳಿಗೆ ಮಾತ್ರ ಮೂರು ಹೂವುಗಳ ಹೆಸರಿಟ್ಟರು. ಆ ಸಾಲನ್ನು ಎಲ್ಲಿಯೂ ಮುರಿಯಲಿಲ್ಲ. ತಮ್ಮ ಹೆಸರಿಗೆ ಅವರು ಬರೆದ ಟೀಕೆ ಅದೇ ಎಂದು ನಾನು ತಿಳಿದಿದ್ದೇನೆ.

ಆದ್ದರಿಂದ ಕ್ಷೇತ್ರಕಾರ್ಯಕ್ಕೆ ತೊಡಗುವ ಸಂಶೋಧಕರು ಹೆಸರಿನ ಪಟ್ಟಿಯಲ್ಲಿ ಇನ್ನೆರಡು ಕಲಮುಗಳನ್ನು ಸೇರಿಸಿಕೊಳ್ಳಬೇಕೆಂಬುದು ನನ್ನ ಸೂಚನೆ: ಹುಟ್ಟಿದ ಕ್ರಮ ಮತ್ತು ಒಡಹುಟ್ಟಿದವರ ಹೆಸರು, ಬದುಕಿ ಉಳಿಯದವರನ್ನೂ ಸೇರಿಸಿ. ಶಾಲಾ ದಾಖಲಾತಿ, ವಂಶವೃಕ್ಷ, ಲಗ್ನಪತ್ರಿಕೆಗಳು ಇದಕ್ಕೆ ಆಕರಗಳಾಗಬಲ್ಲವು. ಎಲ್ಲಕ್ಕಿಂತ ಮಿಗಿಲಾಗಿ, ತಮ್ಮ ಹೆಸರಿನ ಕಥೆಯನ್ನು ಹೇಳಬಲ್ಲ ಅತ್ತೆ, ಅಜ್ಜಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರಿರುವಾಗಲೇ ಈ ಕೆಲಸ ನಡೆಯಬೇಕಾಗಿದೆ.