ಗದ್ದಲ ಹೊಳೆ ದಾಟಿದಾಗ

ಗಿಣಿಗೇರಾದಲ್ಲಿ ರೈಲು ಹಳಿ ಕವಲೊಡೆಯುತ್ತದೆ. ನೇರ ಹೋದರೆ ಹೊಸಪೇಟೆ, ಅಲ್ಲಿಂದ ಹಂಪಿ. ಹೊರಳಿದರೆ ಗಂಗಾವತಿ, ಅಲ್ಲಿಂದ ಆನೆಗೊಂದಿ ಮತ್ತು ತುಂಗಭದ್ರೆಯ ನಡುಗಡ್ಡೆಗಳು. ‘ಹಂಪ್ಯಾಗ ಬಾಳ ಗದ್ಲ, ಗಡ್ಡಿಗೆ ಹೋಗ್ರಿ, ಆರಾಮ ಐತಿ’ ಎಂಬ ಸಲಹೆ ಕೇಳಲು ಹಿತವೇ. ಆದರೆ ಹಾಗೆ ಹೋದಾಗ ಗದ್ದಲ ತಗ್ಗುತ್ತದೆಯೇ, ಬರೀ ಹೊಳೆ ದಾಟುತ್ತದೆಯೇ?

ಅಂಥದೊಂದು ನಡುಗಡ್ಡೆಯಾದ ವಿರುಪಾಪುರ ಗಡ್ಡಿಯ ಕತೆ ಎರಡನೆಯದನ್ನೇ ಹೇಳುತ್ತದೆ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಗುಡಿಯೂರಿನ ಕಟ್ಟುಪಾಡು ಒಗ್ಗದ ಪ್ರವಾಸಿಗರು ದೋಣಿ ಹತ್ತಿ ಆಚೆ ದಂಡೆಗೆ ಹೋದರು. ಭತ್ತದ ಗದ್ದೆಗಳ ಗಡ್ಡಿ ‘ಹಿಪ್ಪಿ ಐಲ್ಯಾಂಡ್’ ಎನಿಸಿಕೊಂಡಿತು. 1988ರಲ್ಲೇ ಅದು ಸಂರಕ್ಷಿತ ಪ್ರದೇಶವೆಂದು ಅಧಿಸೂಚನೆ ಹೊರಬಿದ್ದಿತ್ತು. ಆದರೂ ರೆಸಾರ್ಟುಗಳು ಒಂದರ ಪಕ್ಕ ಒಂದು ಎದ್ದವು. 2019ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿದಾಗ ನೂರಾರು ಪ್ರವಾಸಿಗರು ಅಲ್ಲಿ ಸಿಕ್ಕಿಬಿದ್ದರು, ಹೆಲಿಕಾಪ್ಟರ್ ಬರಬೇಕಾಯಿತು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ರೆಸಾರ್ಟ್ ಮಾಲೀಕರ ಮನವಿ ತಳ್ಳಿಹಾಕಿತು. ಮಾರ್ಚ್‌ನಲ್ಲಿ ರೆಸಾರ್ಟುಗಳನ್ನು ಕೆಡವಲು ಜೆಸಿಬಿಗಳು ಬಂದವು.

ಹಾಗಾದರೆ ಸದ್ದಿಲ್ಲದ ನಡುಗಡ್ಡೆಗಳನ್ನು ಅವುಗಳ ಪಾಡಿಗೆ ಬಿಟ್ಟುಬಿಡುವುದೇ ಲೇಸೇ?

ಅದೂ ಪೂರ್ತಿ ಸರಿಯಲ್ಲ. ಆನೆಗೊಂದಿಯ ನವವೃಂದಾವನ ಗಡ್ಡೆಯಲ್ಲಿ ಒಂಬತ್ತು ಮಾಧ್ವ ಯತಿಗಳ ವೃಂದಾವನಗಳು, ಅಂದರೆ ಸಮಾಧಿಗಳು, ಇವೆ. 2019ರ ಜುಲೈನ ಒಂದು ರಾತ್ರಿ ನಿಧಿಯ ಆಸೆಗೆ ಬಿದ್ದವರು ಆ ಯತಿಗಳಲ್ಲೊಬ್ಬರಾದ ವ್ಯಾಸರಾಜರ ವೃಂದಾವನವನ್ನು ಕಿತ್ತುಹಾಕಿದರು. ಕಾಯುವ ಕಣ್ಣಿಲ್ಲದ ನಿರ್ಜನತೆಯೇ ಅವರಿಗೆ ಅನುಕೂಲವಾಯಿತು. ಸುದ್ದಿ ಹರಡುತ್ತಲೇ ಧಾವಿಸಿದ ಭಕ್ತರು, ಮಠಾಧೀಶರು ಸೇರಿ ಕೆಲವೇ ದಿನಗಳಲ್ಲಿ ಅದನ್ನು ಮತ್ತೆ ಕಟ್ಟಿದರು. ಬಂದುಹೋಗುವ ಜನ ಜಾಗವನ್ನು ಕೆಡಿಸುವಂತೆ ಕಾಯಲೂ ಬಲ್ಲರು.

ಎರಡು ಗಡ್ಡೆಗಳ ವ್ಯತ್ಯಾಸ ನೆಲದ ಮೇಲೇ ಕಾಣುತ್ತದೆ. ನವವೃಂದಾವನದಲ್ಲಿ ವೃಂದಾವನಗಳ ಸುತ್ತ ಹಳದಿ ಗೆರೆ ಎಳೆದಿದೆ. ದೋಣಿಯಿಂದ ಇಳಿದವರು ಗೆರೆಯ ಹೊರಗೆ ಮೌನವಾಗಿ ಪ್ರದಕ್ಷಿಣೆ ಹಾಕುತ್ತಾರೆ, ಮರಳಿ ದೋಣಿ ಹತ್ತುತ್ತಾರೆ. ಮಿತಿ ಎಲ್ಲಿದೆಯೆಂದು ಮೊದಲ ಸಲ ಬಂದವರಿಗೂ ಗೊತ್ತಾಗುತ್ತದೆ. ವಿರುಪಾಪುರದ ಗೆರೆ ಇದ್ದದ್ದು ಕಡತದಲ್ಲಿ.

ತಡವಾಗಿ ಗೆರೆ ಎಳೆದದ್ದು ಇಲ್ಲಿ ಮಾತ್ರವಲ್ಲ. ಥಾಯ್ಲೆಂಡ್‌ನ ಮಾಯಾ ಬೇ ಕೊಲ್ಲಿಯನ್ನು ಹವಳದ ದಿಬ್ಬಗಳು ಹಾಳಾದ ಮೇಲೆ, 2018ರಲ್ಲಿ ಮುಚ್ಚಿದರು. 2022ರಲ್ಲಿ ತೆರೆದಾಗ ದೋಣಿಗಳು ಕೊಲ್ಲಿಯೊಳಗೆ ಬರುವಂತಿರಲಿಲ್ಲ, ಜನರ ಸಂಖ್ಯೆಗೂ ಮಿತಿಯಿತ್ತು. ಮೊದಲೇ ಹಾಕಬಹುದಾಗಿದ್ದ ಗೆರೆ ಅದು.

ವಿರುಪಾಪುರ ಗಡ್ಡಿ ಬರಿದಾದ ಮೇಲೆ ತಂಗುವವರು ಸಾಣಾಪುರ ಕೆರೆಯತ್ತ ಹೊರಳಿದ್ದಾರೆ. ಅಲ್ಲಿ ಹರಿಗೋಲು ತಿರುಗಿಸುವವರಿಗೆ ದುಡಿಮೆ ಸಿಕ್ಕಿದೆ, ಹೋಂಸ್ಟೇಗಳ ಹಲಗೆಗಳು ಎದ್ದಿವೆ. ಗಡ್ಡಿಯಲ್ಲಿ ಅಧಿಸೂಚನೆಗೂ ಜೆಸಿಬಿಗೂ ನಡುವೆ ಕಳೆದದ್ದು ಮೂವತ್ತೆರಡು ವರ್ಷ.